ಲಾರೆಲ್–ಹಾರ್ಡಿ ಯಾಕಿಷ್ಟು ನಿಧಾನ?

ಪ್ರಶ್ನೆ: ಚಿಕ್ಕವನಿದ್ದಾಗ ಲಾರೆಲ್–ಹಾರ್ಡಿ ನೋಡಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕವನು ನಾನು. ಮೊನ್ನೆ ಹನ್ನೊಂದು ವರ್ಷದ ಮಗಳಿಗೆ ಮೊಬೈಲಿನಲ್ಲಿ ಒಂದು ಚಿತ್ರ ಹಾಕಿ ತೋರಿಸಿದೆ. ಹತ್ತು ನಿಮಿಷಕ್ಕೇ "ತುಂಬಾ ಸ್ಲೋ ಅಪ್ಪ" ಎಂದು ಎದ್ದು ಹೋದಳು. ಸುಳ್ಳೇಕೆ, ನನಗೂ ಹಾಗೇ ಅನ್ನಿಸಿತು. ಆಗ ನಕ್ಕಿದ್ದು ಬರೀ ವಯಸ್ಸಿನ ಗುಣವೇ? ಅವರಲ್ಲಿ ನಿಜವಾಗಿ ಅಂಥದ್ದೇನಿದೆ? ತೆರೆಯ ಹೊರಗೆ ಇಬ್ಬರಿಗೂ ಆಗಿಬರುತ್ತಿರಲಿಲ್ಲ ಅಂತಲೂ ಕೇಳಿದ್ದೇನೆ. ಇನ್ನೊಮ್ಮೆ ತೋರಿಸುವುದಾದರೆ ಯಾವುದರಿಂದ ಶುರು ಮಾಡಲಿ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ನಿಮ್ಮ ಮಗಳು ಹೇಳಿದ್ದು ಸರಿ. ಲಾರೆಲ್–ಹಾರ್ಡಿ ಎಂಬ ಈ ಹಾಲಿವುಡ್ ಹಾಸ್ಯ ಜೋಡಿ ನಿಧಾನವೇ. ಹಳೆಯ ಚಿತ್ರ, ಹಾಗಾಗಿ ನಿಧಾನ ಅಂದುಕೊಳ್ಳಬೇಡಿ. ಅವರ ಕಾಲದವರಿಗೂ ಅವರು ನಿಧಾನವಾಗಿಯೇ ಕಂಡಿದ್ದರು. ಅದಕ್ಕೂ ಹಿಂದಿನ ಹಾಲಿವುಡ್ ಹಾಸ್ಯವೆಂದರೆ ಓಟ. ಪೊಲೀಸರು ಓಡುತ್ತಾರೆ, ಕಾರು ಓಡುತ್ತದೆ, ಮುಖಕ್ಕೆ ಕ್ರೀಮ್ ತುಂಬಿದ ಕಡುಬು (ಪೈ) ಬಿದ್ದವನು ಒರೆಸಿಕೊಳ್ಳುವುದಕ್ಕೂ ಪುರುಸೊತ್ತಿಲ್ಲದೆ ಇನ್ನೊಂದು ಕಡುಬು ಎಸೆಯುತ್ತಾನೆ. 1927ರಲ್ಲಿ ಕಲ್ವರ್ ಸಿಟಿಯ ಹಾಲ್ ರೋಚ್ ಸ್ಟುಡಿಯೋದಲ್ಲಿ ಚಿತ್ರಗಳ ಮೇಲ್ವಿಚಾರಣೆ ಮಾಡುತ್ತಿದ್ದ ಲಿಯೋ ಮೆಕ್ಯಾರಿ ಎಂಬಾತನಿಗೆ ಒಂದೇ ಚಿತ್ರದಲ್ಲಿ ಬೇರೆ ಬೇರೆ ಪಾತ್ರ ಮಾಡಿಕೊಂಡಿದ್ದ ಈ ಇಬ್ಬರು ಜೋಡಿಯಾಗಿ ಕಂಡರು. ಆಮೇಲೆ ಆಗಿದ್ದೇ ವೇಗ ಇಳಿಸುವ ಕೆಲಸ. ಇವರ ಮುಖಕ್ಕೆ ಕಡುಬು ಬಿದ್ದರೆ ಮೊದಲು ಸುಮ್ಮನೆ ನಿಲ್ಲುತ್ತಾರೆ. ಕಣ್ಣಿನ ಮೇಲಿನ ಕ್ರೀಮನ್ನು ಎರಡು ಬೆರಳಿಂದ ತೆಗೆಯುತ್ತಾರೆ. ಯೋಚಿಸುತ್ತಾರೆ. ಎಸೆದವನೂ ಅಲ್ಲೇ ನಿಂತು, ತನಗೇನು ಕಾದಿದೆ ಎಂದು ಮರ್ಯಾದೆಯಿಂದ ಕಾಯುತ್ತಾನೆ.

ಈ ಬಿಡುವು ಯಾಕೆ ಬೇಕಿತ್ತು ಅನ್ನುವುದಕ್ಕೆ ಕಾರಣ ಎಡಿಟಿಂಗ್ ಮೇಜಿನ ಮೇಲಿದೆ. ಬಿಡುಗಡೆಗೆ ಮುಂಚೆ ರೋಚ್ ಸ್ಟುಡಿಯೋದವರು ಚಿತ್ರವನ್ನು ಸುತ್ತಮುತ್ತಲಿನ ಚಿತ್ರಮಂದಿರಗಳಿಗೆ ಒಯ್ದು ಮಾಮೂಲಿ ಪ್ರೇಕ್ಷಕರಿಗೆ ತೋರಿಸುತ್ತಿದ್ದರು. ಸ್ಟ್ಯಾನ್ ಲಾರೆಲ್ ಅಲ್ಲೇ ಕೂತು ಎಲ್ಲಿ ನಗು ಬಂತು, ಎಷ್ಟು ಹೊತ್ತು ಉಳಿಯಿತು ಎಂದು ಗಮನಿಸಿ, ವಾಪಸ್ ಬಂದು ಸಂಕಲನಕಾರನ ಜೊತೆ ಕೂತು ಚಿತ್ರವನ್ನು ಮತ್ತೆ ಕತ್ತರಿಸುತ್ತಿದ್ದ. ಸಿನಿಮಾಕ್ಕೆ ಮಾತು ಬಂದ ಮೇಲಂತೂ ಇದು ಜೀವನ್ಮರಣದ ಪ್ರಶ್ನೆಯಾಯಿತು. ಜನ ನಗುತ್ತಿರುವಾಗ ಮುಂದಿನ ಮಾತು ಬಂದುಬಿಟ್ಟರೆ ಅದು ಯಾರ ಕಿವಿಗೂ ಬೀಳುವುದಿಲ್ಲ, ಅದರ ನಗುವೂ ಹೋಯಿತು. ಹಾಗಾಗಿ ನಗು ಮುಗಿಯುವ ತನಕ ಆಲಿವರ್ ಹಾರ್ಡಿ ಸುಮ್ಮನೆ ಕ್ಯಾಮೆರಾವನ್ನೇ ನೋಡುತ್ತಾನೆ. "ನೋಡಿದಿರಾ, ನಾನು ಎಂಥವನ ಜೊತೆ ಬಾಳುತ್ತಿದ್ದೇನೆ" ಅನ್ನುವ ಆ ನೋಟ ಇದೆಯಲ್ಲ, ಅದು ಪಾತ್ರದ ಗುಣವೂ ಹೌದು, ಜನರ ನಗುವಿಗೆ ಬಿಟ್ಟ ಜಾಗವೂ ಹೌದು.

ರಂಗದ ಮೇಲೆ ನಿಂತವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ನಮ್ಮ ನರಸಿಂಹರಾಜು, ಬಾಲಕೃಷ್ಣ ಇಬ್ಬರೂ ನಾಟಕ ಕಂಪನಿಗಳಿಂದ ಬಂದವರು; ಚಪ್ಪಾಳೆ ಇಳಿಯುವ ತನಕ ಉಸಿರು ಹಿಡಿದು ನಿಲ್ಲುವುದು ಅವರಿಗೆ ಕರಗತ. ಸ್ಟ್ಯಾನ್ ಕೂಡ ಅಂಥ ಮನೆತನದವನೇ. ಸಿನಿಮಾದಲ್ಲಿ ಕಷ್ಟ ಏನೆಂದರೆ, ಜನ ಎಷ್ಟು ಹೊತ್ತು ನಗುತ್ತಾರೆ ಎಂದು ಮೊದಲೇ ಅಳತೆ ತೆಗೆದು ಹೊಲಿಯಬೇಕು. ಆ ಅಳತೆ ಐನೂರು–ಸಾವಿರ ಜನ ಕೂರುವ ಚಿತ್ರಮಂದಿರದ್ದು. ನೀವು ಅಪ್ಪ–ಮಗಳು ಇಬ್ಬರೇ ಅಂಗೈಯಗಲದ ಪರದೆ ಮುಂದೆ ಕೂತಾಗ ಆ ಅಂಗಿ ದೊಗಳೆಯಾಗದೆ ಇನ್ನೇನಾಗುತ್ತದೆ?

ಇದನ್ನು ನಾನು ಪುಸ್ತಕ ಓದಿ ಕಲಿತದ್ದಲ್ಲ. ಕೆಲವು ವರ್ಷಗಳ ಹಿಂದೆ ಒಂದು ಹಳ್ಳಿ ಶಾಲೆಯ ಹಾಲ್‌ನಲ್ಲಿ, ಗೋಡೆಗೆ ಬಿಳಿ ಪಂಚೆ ಕಟ್ಟಿ, 'ದಿ ಮ್ಯೂಸಿಕ್ ಬಾಕ್ಸ್' ತೋರಿಸಿದ್ದೆ. ಹಿಂದಿನ ರಾತ್ರಿ ಪ್ರತಿ ಸರಿಯಿದೆಯೇ ಎಂದು ಲ್ಯಾಪ್‌ಟಾಪಿನಲ್ಲಿ ಒಬ್ಬನೇ ನೋಡಿದಾಗ ಮೂರು ಸಲ ಆಕಳಿಸಿದ್ದೆ. ಮಾರನೇ ದಿನ ನೂರು ಚಿಲ್ಲರೆ ಮಕ್ಕಳ ನಡುವೆ ನೋಡಿದರೆ, ಎಲ್ಲೂ ಒಂದು ಕ್ಷಣವೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಮಕ್ಕಳ ನಗು ಎಲ್ಲಿ ತಗ್ಗುತ್ತದೋ ಸರಿಯಾಗಿ ಅಲ್ಲಿ ಹಾರ್ಡಿ ಬಾಯಿ ತೆರೆಯುತ್ತಾನೆ.

1932ರ ಆ ಚಿತ್ರದ ಕಥೆಯನ್ನು ಒಂದು ಸಾಲಿನಲ್ಲಿ ಹೇಳಬಹುದು: ಇಬ್ಬರು ಒಂದು ಪಿಯಾನೋವನ್ನು ಮೆಟ್ಟಿಲು ಹತ್ತಿಸಿ ಒಂದು ಮನೆಗೆ ತಲುಪಿಸಬೇಕು. ಅಷ್ಟೇ, ಅರ್ಧ ಗಂಟೆ. ಸ್ಟ್ಯಾನ್ ಮತ್ತು ಆಲಿ (ಅಂದರೆ ಹಾರ್ಡಿ) ಕೈಯಲ್ಲಿದ್ದ ಒಟ್ಟು ಬಂಡವಾಳ 3 ಡಾಲರ್ 80 ಸೆಂಟನ್ನು ಹಾಕಿ ಸಾಮಾನು ಸಾಗಿಸುವ ಉದ್ಯೋಗ ಹಿಡಿದಿದ್ದಾರೆ. ಗಾಡಿಯಿಂದ ಪಿಯಾನೋ ಇಳಿಸಲು ಆಲಿ ಬಗ್ಗಿ ಬೆನ್ನು ಕೊಡುತ್ತಾನೆ. ಅದೇ ಹೊತ್ತಿಗೆ ಕುದುರೆ ಎರಡು ಹೆಜ್ಜೆ ಮುಂದೆ ಹೋಗುತ್ತದೆ. ಮುಂದಿನದು ನಿಮಗೆ ಗೊತ್ತು. ನಿಮಗೆ ಗೊತ್ತು ಅನ್ನುವುದೇ ಇಲ್ಲಿ ಮುಖ್ಯ. ಬೇರೆ ಹಾಸ್ಯಗಾರರು ನಿಮ್ಮನ್ನು ಬೆಚ್ಚಿಬೀಳಿಸಿ ನಗಿಸುತ್ತಾರೆ. ಇವರು ಏನಾಗಲಿದೆ ಎಂದು ಮೊದಲೇ ತೋರಿಸಿ, ಆಗುವ ತನಕ ಕಾಯಿಸಿ, ಆದ ಮೇಲೆ ಆಲಿಯ ಮುಖ ತೋರಿಸುತ್ತಾರೆ. ಒಂದೇ ಬೀಳಾಟಕ್ಕೆ ಮೂರು ನಗು. ಎಷ್ಟೋ ಸಲ ಬೀಳುವುದನ್ನು ತೋರಿಸುವುದೇ ಇಲ್ಲ. ಆಲಿ ಚೌಕಟ್ಟಿನಿಂದ ಆಚೆ ಹೋಗುತ್ತಾನೆ, ದಢಾರ್ ಎಂದು ಸದ್ದು ಕೇಳುತ್ತದೆ, ಸ್ಟ್ಯಾನ್ ಆ ಕಡೆ ನೋಡಿ ಕಣ್ಣು ಪಿಳುಕಿಸುತ್ತಾನೆ.

ಮೆಟ್ಟಿಲು ಅರ್ಧ ಹತ್ತಿದಾಗ ಮಗುವಿನ ತಳ್ಳುಗಾಡಿ ಹಿಡಿದ ದಾದಿ ಎದುರಾಗುತ್ತಾಳೆ. ದಾರಿ ಬಿಡಲು ಹೋಗಿ ಪಿಯಾನೋ ಕೈತಪ್ಪಿ ಕೆಳಗಿನವರೆಗೂ ಜಾರುತ್ತದೆ, ಜಾರುವಾಗ ಅದರ ತಂತಿಗಳೆಲ್ಲ ಒಂದೇ ಸಲ ನರಳುತ್ತವೆ. ಮತ್ತೆ ಹತ್ತುತ್ತಾರೆ. ಪೊಲೀಸ್ ಕರೆಯುತ್ತಾನೆ, ಮತ್ತೆ ಜಾರುತ್ತದೆ. ಮಾರುದ್ದ ಪದವಿಗಳನ್ನು ಹೆಸರಿಗೆ ಅಂಟಿಸಿಕೊಂಡ ಪ್ರೊಫೆಸರ್ ಒಬ್ಬ ದಾರಿ ಬಿಡಿ ಎಂದು ಅರಚಾಡುತ್ತಾನೆ. ಸುತ್ತಿಕೊಂಡು ಹೋಗಬಾರದೇ ಎಂದು ಇವರು ವಿನಯದಿಂದಲೇ ಕೇಳುತ್ತಾರೆ. ಕೊನೆಗೂ ಬೆವರು ಸುರಿಸಿ ಮೇಲೆ ತಲುಪಿದಾಗ ಪೋಸ್ಟ್‌ಮ್ಯಾನ್ ಬಂದು, ಇಷ್ಟೆಲ್ಲ ಯಾಕೆ ಕಷ್ಟಪಟ್ಟಿರಿ, ಪಕ್ಕದ ರಸ್ತೆಯಲ್ಲಿ ಗಾಡಿ ನೇರ ಮನೆ ಬಾಗಿಲಿಗೇ ಬರುತ್ತಿತ್ತಲ್ಲ ಅನ್ನುತ್ತಾನೆ. ಆಲಿ ಮತ್ತು ಸ್ಟ್ಯಾನ್ ಪರಸ್ಪರ ಮುಖ ನೋಡಿಕೊಳ್ಳುತ್ತಾರೆ. ಹೌದಲ್ಲ ಅನ್ನುವಂತೆ ತಲೆಯಾಡಿಸುತ್ತಾರೆ. ಆಮೇಲೆ ಪಿಯಾನೋವನ್ನು ಎತ್ತಿಕೊಂಡು ಕೆಳಗೆ ಇಳಿಸತೊಡಗುತ್ತಾರೆ, ಗಾಡಿಗೆ ಹೇರಿ ರಸ್ತೆಯಲ್ಲಿ ತರಲು!

ನಮ್ಮ ಹಾಲ್‌ನಲ್ಲಿ ಆ ಹೊತ್ತಿಗೆ ಮುಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತು "ಬೇಡ್ರೋ, ಅಲ್ಲೇ ಬಿಡ್ರೋ!" ಎಂದು ಕೂಗಿದ. ಚಿತ್ರದ ಭಾಷೆ ಇಂಗ್ಲಿಷ್; ಅವನಿಗೆ ಒಂದಕ್ಷರ ಬಾರದು. ಆ ಹುಡುಗನಿಗೆ ಸಿಟ್ಟು ಬಂದಿತ್ತು, ಅಳು ಬಂದಿತ್ತು, ನಗು ತಡೆಯಲಾಗುತ್ತಿರಲಿಲ್ಲ. ನಿಮ್ಮ "ಅಂಥದ್ದೇನಿದೆ" ಎಂಬ ಪ್ರಶ್ನೆಗೆ ನನ್ನ ಬಳಿ ಇದಕ್ಕಿಂತ ಒಳ್ಳೆಯ ಉತ್ತರವಿಲ್ಲ.

(ಕಿರುಹಾಸ್ಯ ಚಿತ್ರಕ್ಕೆಂದು ಆಸ್ಕರ್ ಕೊಡಲು ಶುರುಮಾಡಿದಾಗ ಮೊದಲು ಗೆದ್ದದ್ದು ಇದೇ ಚಿತ್ರ. ಆ ಮೆಟ್ಟಿಲುಗಳು ಲಾಸ್ ಏಂಜಲೀಸ್‌ನ ಸಿಲ್ವರ್ ಲೇಕ್ ಪ್ರದೇಶದಲ್ಲಿ, ವೆಂಡೋಮ್ ಬೀದಿಯ ಬದಿಗೆ ಇವತ್ತಿಗೂ ಇವೆ. ಒಟ್ಟು 133. ಆ ಊರಲ್ಲಿ ನಿಮ್ಮ ಕಡೆಯವರು ಯಾರಾದರೂ ಇದ್ದರೆ ಎಣಿಸಲು ಹೇಳಿ.)

ಇನ್ನೊಂದು ಬಗೆಯ ನಿಧಾನ 1929ರ 'ಬಿಗ್ ಬಿಸಿನೆಸ್' ಎಂಬ ಮೂಕಿ ಚಿತ್ರದಲ್ಲಿದೆ. ಕ್ಯಾಲಿಫೋರ್ನಿಯಾದ ಸುಡು ಬಿಸಿಲಲ್ಲಿ ಇಬ್ಬರೂ ಮನೆ ಮನೆಗೆ ಕ್ರಿಸ್‌ಮಸ್ ಗಿಡ ಮಾರುತ್ತಿದ್ದಾರೆ. ಬೋಳು ತಲೆ, ದಪ್ಪ ಮೀಸೆಯ ಮನೆಯವನು (ನಟ ಜೇಮ್ಸ್ ಫಿನ್ಲೇಸನ್) ಬೇಡ ಎಂದು ಬಾಗಿಲು ಹಾಕುತ್ತಾನೆ. ಬಾಗಿಲಿಗೆ ಗಿಡ ಸಿಕ್ಕಿಕೊಳ್ಳುತ್ತದೆ. ಬೆಲ್ ಒತ್ತುತ್ತಾರೆ, ಬಾಗಿಲು ತೆರೆಯುತ್ತದೆ, ಮುಚ್ಚುತ್ತದೆ, ಈ ಸಲ ಕೋಟು ಸಿಕ್ಕಿಕೊಳ್ಳುತ್ತದೆ. ರೇಗಿದ ಮನೆಯವನು ಕತ್ತರಿ ತಂದು ಗಿಡವನ್ನು ತುಂಡು ಮಾಡುತ್ತಾನೆ. ಇವರು ಚಾಕು ತೆಗೆದು ಅವನ ಬಾಗಿಲ ಚೌಕಟ್ಟು ಕೆತ್ತುತ್ತಾರೆ. ಅಲ್ಲಿಂದ ಮುಂದೆ ಅವನು ಇವರ ಕಾರನ್ನು ಬಿಡಿಬಿಡಿ ಮಾಡುತ್ತಾ ಹೋಗುತ್ತಾನೆ, ಇವರು ಅವನ ಮನೆಯನ್ನು. ಬೀದಿ ಜನ ಗುಂಪುಗೂಡಿ ಇತ್ತಿಂದತ್ತ ಅತ್ತಿಂದಿತ್ತ ಹೋಗಿ ನೋಡುತ್ತಾರೆ. ಪೊಲೀಸಿನವನು ಕಾರಿನಲ್ಲೇ ಕೂತು ಪುಸ್ತಕದಲ್ಲಿ ಬರೆದುಕೊಳ್ಳುತ್ತಾನೆ. ಇಡೀ ಜಗಳದಲ್ಲಿ ಒಬ್ಬರನ್ನೊಬ್ಬರು ತಡೆಯುವುದಿಲ್ಲ ಅನ್ನುವುದು ಇಲ್ಲಿನ ಸೊಗಸು. ಒಬ್ಬ ಒಡೆಯುವಾಗ ಇನ್ನೊಬ್ಬ ಕೈಕಟ್ಟಿ ನಿಲ್ಲುತ್ತಾನೆ. ಇದು ಮುಗಿಯಲಿ, ಆಮೇಲೆ ನನ್ನ ಪಾಳಿ. ಎರಡು ಮನೆಗಳ ನಡುವಿನ ಬೇಲಿ ಜಗಳ ನೋಡಿ ಬೆಳೆದ ಯಾರಿಗಾದರೂ ಈ ಶಿಸ್ತು ಅಪರಿಚಿತವಲ್ಲ. ಚಿತ್ರೀಕರಣದ ದಿನ ತಪ್ಪು ಮನೆಯನ್ನೇ ಒಡೆದುಹಾಕಿದ್ದರು ಎಂದು ನಿರ್ಮಾಪಕ ರೋಚ್ ಮುದುಕನಾದ ಮೇಲೆ ಹೇಳುತ್ತಿದ್ದ. ಸ್ಟ್ಯಾನ್ ಅದನ್ನು ಒಪ್ಪಿರಲಿಲ್ಲ. ರೋಚ್ ಒಳ್ಳೆಯ ಕಥೆಗಾರ ಅಂತಷ್ಟೇ ನಾನು ಹೇಳಬಲ್ಲೆ.

ಪಾತ್ರಗಳ ಬಗ್ಗೆ. ಪೆದ್ದ ಲಾರೆಲ್, ಜಾಣ ಹಾರ್ಡಿ ಎಂದು ಸಾಮಾನ್ಯವಾಗಿ ಹೇಳುವುದುಂಟು. ಅದು ಅರ್ಧ ಸತ್ಯ. ಇಬ್ಬರೂ ಪೆದ್ದರೇ. ಸ್ಟ್ಯಾನ್‌ಗೆ ತಾನು ಪೆದ್ದ ಎಂದು ಗೊತ್ತಿಲ್ಲ, ಗೊತ್ತಾದರೂ ಅವನಿಗೇನೂ ಬೇಸರವಿಲ್ಲ. ಆಲಿಗೆ ತಾನು ಜಾಣ ಎಂಬ ನಂಬಿಕೆ. "ನಾನು ಮೊದಲು ಹೋಗುತ್ತೇನೆ" ಎಂದು ಸ್ಟ್ಯಾನ್‌ನನ್ನು ಹಿಂದೆ ಸರಿಸಿ ಬಾಗಿಲು ದಾಟುತ್ತಾನೆ, ಹಾಗಾಗಿ ಗುಂಡಿಗೆ ಮೊದಲು ಬೀಳುವವನೂ ಅವನೇ. ಆದರೆ ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವ ನಮ್ಮ ಮಾತಿಗೆ ಹಾರ್ಡಿಗಿಂತ ಒಳ್ಳೆಯ ಚಿತ್ರ ಬೇಕೇ? 1932ರ 'ಹೆಲ್ಪ್‌ಮೇಟ್ಸ್'ನಲ್ಲಿ ಹೆಂಡತಿ ಊರಿಂದ ಬರುವುದರೊಳಗೆ ಮನೆ ಓರಣ ಮಾಡಬೇಕೆಂದು ಸ್ಟ್ಯಾನ್‌ನನ್ನು ಕರೆಸಿಕೊಂಡವನು, ಕೊನೆಗೆ ಸುಟ್ಟು ಮಾಡೇ ಇಲ್ಲದ ಮನೆಯ ಕುರ್ಚಿಯಲ್ಲಿ ಕೂತಿದ್ದಾನೆ. ಹೊರಡುವ ಸ್ಟ್ಯಾನ್‌ಗೆ, ಬಾಗಿಲು ಹಾಕಿಕೊಂಡು ಹೋಗು, ಸ್ವಲ್ಪ ಒಬ್ಬನೇ ಇರಬೇಕು ಅನ್ನುತ್ತಾನೆ. ಬಾಗಿಲು ಹಾಕಿದ ಮೇಲೆ ಮಳೆ ಸುರಿಯುತ್ತದೆ. ಆಲಿ ಪ್ಯಾಂಟಿನ ಮೇಲೆ ಕೂತ ಒಂದು ಧೂಳಿನ ಎಳೆಯನ್ನು ಬೆರಳ ತುದಿಯಿಂದ ಕೊಡವುತ್ತಾನೆ.

ಆ ಬೆರಳ ನಯ ಹಾರ್ಡಿಯ ಸ್ವಂತದ್ದು. ಅವನು ಅಮೆರಿಕದ ದಕ್ಷಿಣದವನು, 1892ರಲ್ಲಿ ಜಾರ್ಜಿಯಾದ ಹಾರ್ಲೆಮ್ ಎಂಬ ಸಣ್ಣ ಊರಲ್ಲಿ ಹುಟ್ಟಿದವನು. ತಂದೆ ಅದೇ ವರ್ಷ ತೀರಿಕೊಂಡರು. ತಾಯಿ ಹೋಟೆಲ್ ನಡೆಸುತ್ತಿದ್ದಾಗ ಅಲ್ಲಿಗೆ ಬರುವ ಜನರನ್ನು ನೋಡುತ್ತಾ ಕೂರುವುದು ಹುಡುಗನ ಅಭ್ಯಾಸವಾಗಿತ್ತು. ಆರಡಿ ಮೀರಿದ ಆಳು, ಆ ಗಾತ್ರ, ಆದರೂ ಕಿರುಬೆರಳು ಎತ್ತಿ ಟೈ ತುದಿಯನ್ನು ಪಟಪಟ ಆಡಿಸುವುದು, ಸಹಿ ಹಾಕುವ ಮುಂಚೆ ಗಾಳಿಯಲ್ಲಿ ಕೈ ಸುತ್ತಿಸುವುದು — ಹೋಟೆಲ್ ಕೌಂಟರಿನ ಮುಂದೆ ದೊಡ್ಡವರಂತೆ ನಿಲ್ಲುವ ಎಷ್ಟು ಜನರನ್ನು ಅವನು ನೋಡಿರಬೇಕು ಎಂದು ನನಗೆ ಅನ್ನಿಸುತ್ತದೆ. ಲಾರೆಲ್‌ನದು ಬೇರೆ ದಾರಿ. 1890ರಲ್ಲಿ ಇಂಗ್ಲೆಂಡಿನ ಅಲ್ವರ್‌ಸ್ಟನ್‌ನಲ್ಲಿ ಹುಟ್ಟಿದ ಆರ್ಥರ್ ಸ್ಟ್ಯಾನ್ಲಿ ಜೆಫರ್ಸನ್. ತಂದೆಯೇ ನಾಟಕಮಂದಿರ ನಡೆಸುತ್ತಿದ್ದವರು. ಫ್ರೆಡ್ ಕಾರ್ನೋ ಎಂಬಾತನ ಹಾಸ್ಯನಾಟಕ ಕಂಪನಿಯ ಜೊತೆ 1910ರಲ್ಲಿ ಅಮೆರಿಕಕ್ಕೆ ಹೋದಾಗ ಅದೇ ಹಡಗಿನಲ್ಲಿದ್ದ ಇನ್ನೊಬ್ಬ ಹುಡುಗ ಚಾರ್ಲಿ ಚಾಪ್ಲಿನ್. ಚಾಪ್ಲಿನ್‌ಗೆ ಜ್ವರ ಬಂದರೆ ಬದಲಿ ವೇಷ ಕಟ್ಟುವ ಕೆಲಸ ಸ್ಟ್ಯಾನ್‌ನದು. ತೆರೆಯ ಮೇಲಿನ ಅವನ ಆ ಚಪ್ಪಟೆ ನಡಿಗೆಗೆ ಕಾರಣ ಬೂಟಿನ ಹಿಮ್ಮಡಿ ಕಿತ್ತುಹಾಕಿದ್ದು. ಮಕ್ಕಳಂತೆ ಮುಖ ಕಿವಿಚಿ ಅಳುವುದಕ್ಕೆ ಜನ ಬಿದ್ದು ಬಿದ್ದು ನಕ್ಕರೂ, ಅವನಿಗೆ ಆ ಅಳು ಇಷ್ಟವಿರಲಿಲ್ಲ.

ಇಬ್ಬರೂ ಜೊತೆಯಾದದ್ದರಲ್ಲಿ ಒಂದು ಕುರಿಯ ತೊಡೆಯ ಪಾತ್ರವೂ ಇದೆ. 1926ರಲ್ಲಿ ಸ್ಟ್ಯಾನ್ ರೋಚ್ ಸ್ಟುಡಿಯೋದಲ್ಲಿ ಬರೆಯುವುದು, ನಿರ್ದೇಶಿಸುವುದು ಮಾಡಿಕೊಂಡಿದ್ದ, ನಟನೆ ಸಾಕು ಅಂದುಕೊಂಡಿದ್ದ. ಅಡುಗೆಯ ಹುಚ್ಚಿದ್ದ ಹಾರ್ಡಿ ಮನೆಯಲ್ಲಿ ಮಾಂಸ ಬೇಯಿಸಲು ಹೋಗಿ ಕೈ ಸುಟ್ಟುಕೊಂಡ. ಅವನ ಪಾತ್ರಕ್ಕೆ ಸ್ಟ್ಯಾನ್‌ನನ್ನೇ ಕ್ಯಾಮೆರಾ ಮುಂದೆ ತಳ್ಳಿದರು. ಹಾಗೆ ಮತ್ತೆ ಬಣ್ಣ ಹಚ್ಚಿದವನು ಮರುವರ್ಷ ಹಾರ್ಡಿಯ ಪಕ್ಕದಲ್ಲಿ ನಿಂತ.

ಈಗ ನಿಮ್ಮ "ಆಗಿಬರುತ್ತಿರಲಿಲ್ಲ" ಎಂಬ ಪ್ರಶ್ನೆ. ಅದು ಸುಳ್ಳು. ಆದರೆ ಆ ಸುದ್ದಿ ಹುಟ್ಟಲು ಕಾರಣವಿದೆ. ರೋಚ್ ಇಬ್ಬರ ಒಪ್ಪಂದಗಳನ್ನು ಬೇರೆ ಬೇರೆ ತಾರೀಖಿಗೆ ಮುಗಿಯುವಂತೆ ಇಟ್ಟಿದ್ದ, ಇಬ್ಬರೂ ಒಟ್ಟಾಗಿ ಚೌಕಾಸಿ ಮಾಡದಿರಲಿ ಎಂದು. ಸ್ಟ್ಯಾನ್‌ಗೂ ರೋಚ್‌ಗೂ ಜಗಳಗಳಾದಾಗ ಜನ ಅದನ್ನು ಜೋಡಿಯ ಜಗಳ ಅಂದುಕೊಂಡರು. ಸಂಬಳವೂ ಸ್ಟ್ಯಾನ್‌ಗೆ ಹೆಚ್ಚು. ಹಾರ್ಡಿ ತಕರಾರು ಮಾಡಲಿಲ್ಲ. ಚಿತ್ರೀಕರಣ ಮುಗಿದ ಕೂಡಲೇ ತಾನು ಗಾಲ್ಫ್ ಆಡಲು ಹೋಗುವುದು, ಸ್ಟ್ಯಾನ್ ರಾತ್ರಿ ತನಕ ಎಡಿಟಿಂಗ್ ಕೋಣೆಯಲ್ಲಿ ಕೂರುವುದು ಅವನಿಗೆ ಗೊತ್ತಿತ್ತು. ಅಂದರೆ ಹಾಲಿವುಡ್ ದಿನಗಳಲ್ಲಿ ಅವರು ಒಟ್ಟಿಗೆ ದುಡಿಯುವ ಒಳ್ಳೆಯ ಸಹೋದ್ಯೋಗಿಗಳು. ಗಾಢ ಗೆಳೆತನ ಬೆಳೆದದ್ದು ಆಮೇಲೆ, ಸಿನಿಮಾ ಅವಕಾಶ ಒಣಗಿ ಬ್ರಿಟನ್ನಿನ ರಂಗಮಂದಿರಗಳಲ್ಲಿ ಊರೂರು ತಿರುಗುತ್ತಿದ್ದಾಗ. 1953ರ ಸೆಪ್ಟೆಂಬರಿನಲ್ಲಿ ಅವರ ಹಡಗು ಐರ್ಲೆಂಡಿನ ಕೋವ್ ಬಂದರಿಗೆ ಬಂದಾಗ ದಡದಲ್ಲಿ ಜನಸಾಗರ. ಊರ ಕ್ಯಾಥೆಡ್ರಲ್‌ನ ಗಂಟೆಗಳಲ್ಲಿ ಅವರ ಚಿತ್ರಗಳ 'ಕುಕೂ' ರಾಗ ಕೇಳಿಬಂತು. ಇಬ್ಬರೂ ಅತ್ತುಬಿಟ್ಟರು ಎಂದು ಸ್ಟ್ಯಾನ್ ನೆನೆಯುತ್ತಿದ್ದ.

1957ರ ಆಗಸ್ಟ್ 7ರಂದು ಹಾರ್ಡಿ ತೀರಿಕೊಂಡ. ಸ್ಟ್ಯಾನ್‌ನ ಆರೋಗ್ಯ ಎಷ್ಟು ಕೆಟ್ಟಿತ್ತೆಂದರೆ ಅಂತ್ಯಕ್ರಿಯೆಗೂ ಹೋಗಲಾಗಲಿಲ್ಲ. ಆಮೇಲೆ ಏನೇ ಕರೆ ಬಂದರೂ ತೆರೆಗೆ ಮರಳಲಿಲ್ಲ. ಸಾಂಟಾ ಮೋನಿಕಾದ ಸಣ್ಣ ಅಪಾರ್ಟ್‌ಮೆಂಟಿನಲ್ಲಿ ಕೂತು, ಟೆಲಿಫೋನ್ ಡೈರೆಕ್ಟರಿಯಲ್ಲಿ ತನ್ನ ನಂಬರನ್ನು ಹಾಗೇ ಬಿಟ್ಟು, ಯಾರ ಪತ್ರ ಬಂದರೂ ಟೈಪ್‌ರೈಟರಿನಲ್ಲಿ ಉತ್ತರ ಬರೆಯುತ್ತಿದ್ದ. 1961ರಲ್ಲಿ ಗೌರವ ಆಸ್ಕರ್ ಬಂದಾಗ ವೇದಿಕೆಗೆ ಹೋಗಿ ತೆಗೆದುಕೊಳ್ಳುವ ಶಕ್ತಿಯೂ ಇರಲಿಲ್ಲ. ಅವನ ಪರವಾಗಿ ನಟ ಡ್ಯಾನಿ ಕೇ ಪಡೆದ. 1965ರಲ್ಲಿ ಸ್ಟ್ಯಾನ್ ಹೋಗುವವರೆಗೂ ಇಬ್ಬರಿಗಾಗಿ ಹೊಸ ಹೊಸ ನಗೆ ಪ್ರಸಂಗಗಳನ್ನು ಬರೆಯುತ್ತಲೇ ಇದ್ದ. ಒಬ್ಬನೇ ಉಳಿದಿದ್ದರೂ ಬರೆದದ್ದು ಇಬ್ಬರಿಗೆ.

ಇನ್ನು ಏನು ನೋಡಬೇಕು. ಮೊದಲಿಗೆ, ನೀವು ಮೊನ್ನೆ ತೋರಿಸಿದ್ದು ಯಾವುದು ಎಂದು ಬರೆದಿಲ್ಲ. ಊಹಿಸಲೇ? ಹುಡುಕಿದ ಕೂಡಲೇ ಸಿಗುವುದು 'ದಿ ಫ್ಲೈಯಿಂಗ್ ಡ್ಯೂಸಸ್' ಅಥವಾ 'ಯುಟೋಪಿಯಾ'. ಅಮೆರಿಕದಲ್ಲಿ ಎರಡಕ್ಕೂ ಹಕ್ಕುಸ್ವಾಮ್ಯ ಉಳಿದಿಲ್ಲ, ಹಾಗಾಗಿ ಎಲ್ಲ ಕಡೆ ಬಿದ್ದಿವೆ, ಪ್ರತಿಗಳೂ ಸವೆದವು. ಮೊದಲನೆಯದು ಪರವಾಗಿಲ್ಲ. ಎರಡನೆಯದು ಅವರ ಕೊನೆಯ ಚಿತ್ರ, 'ಅಟಾಲ್ ಕೆ' ಎಂಬ ಹೆಸರೂ ಅದಕ್ಕಿದೆ, 1951ರದು. ಫ್ರಾನ್ಸಿನಲ್ಲಿ ಅದರ ಚಿತ್ರೀಕರಣ ನಡೆಯುವಾಗ ಸ್ಟ್ಯಾನ್ ತೀವ್ರ ಕಾಯಿಲೆ ಬಿದ್ದು ಎಲುಬಿನ ಗೂಡಾಗಿದ್ದ. ಅದನ್ನು ನೋಡಿ ಮಗು ನಗದಿದ್ದರೆ ಮಗುವಿನ ತಪ್ಪಲ್ಲ. 1941ರಿಂದ 45ರವರೆಗೆ ದೊಡ್ಡ ಸ್ಟುಡಿಯೋಗಳಲ್ಲಿ ಮಾಡಿದವನ್ನೂ ಸದ್ಯ ಬಿಡಿ. ಅಲ್ಲಿ ಸ್ಟ್ಯಾನ್‌ನನ್ನು ಎಡಿಟಿಂಗ್ ಕೋಣೆಗೆ ಬಿಟ್ಟುಕೊಳ್ಳಲಿಲ್ಲ. ವ್ಯತ್ಯಾಸ ಕುರುಡರಿಗೂ ಕಾಣುತ್ತದೆ.

ಶುರು ಮಾಡಲು ನನ್ನ ಆಯ್ಕೆ 1933ರ 'ಬಿಜಿ ಬಾಡೀಸ್'. ಇಬ್ಬರಿಗೂ ಮರದ ಕಾರ್ಖಾನೆಯಲ್ಲಿ ಕೆಲಸ. ಮಾತು ಬಹಳ ಕಡಿಮೆ, ಅನಾಹುತ ಸಾಲು ಸಾಲು. ಆಲಿಯ ಗಲ್ಲಕ್ಕೆ ಅಂಟಿಕೊಂಡ ಬ್ರಷ್ಷನ್ನು ಸ್ಟ್ಯಾನ್ ಕ್ಷೌರಿಕನ ಗತ್ತಿನಲ್ಲಿ ಬಡಗಿಯ ಉಜ್ಜುಗೊರಡಿನಿಂದ ಹೆರೆಯುವುದನ್ನು ನೋಡಿ ನಗದ ಹನ್ನೊಂದು ವರ್ಷದವರನ್ನು ನಾನಿನ್ನೂ ಕಂಡಿಲ್ಲ. ಅದು ಹಿಡಿಸಿದರೆ 'ದಿ ಮ್ಯೂಸಿಕ್ ಬಾಕ್ಸ್', ಆಮೇಲೆ 'ಬಿಗ್ ಬಿಸಿನೆಸ್'. ಪೂರ್ಣಪ್ರಮಾಣದ ಚಿತ್ರ ಬೇಕೆಂದರೆ 1937ರ 'ವೇ ಔಟ್ ವೆಸ್ಟ್'. ಅದರಲ್ಲಿ ಪಾನಗೃಹದ ಬಾಗಿಲಲ್ಲಿ ಹಾಡು ಕೇಳುತ್ತಾ ಕೇಳುತ್ತಾ ಇಬ್ಬರ ಕಾಲೂ ತಾನಾಗಿ ಕುಣಿತಕ್ಕೆ ಬೀಳುವ ಎರಡು ನಿಮಿಷವನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಅದೇ ಚಿತ್ರದಲ್ಲಿ ಸ್ಟ್ಯಾನ್ ಹೆಬ್ಬೆರಳನ್ನೇ ಲೈಟರ್‌ನಂತೆ ಚಿಟಿಕೆ ಹೊಡೆದು ಹೊತ್ತಿಸುತ್ತಾನೆ. ಆಲಿ ಚಿತ್ರವಿಡೀ ತಾನೂ ಪ್ರಯತ್ನಿಸುತ್ತಾನೆ. ಕೊನೆಗೊಮ್ಮೆ ಹೊತ್ತಿಕೊಂಡಾಗ ಗಾಬರಿಯಿಂದ ಕಿರುಚುತ್ತಾನೆ.

ಬಣ್ಣ ಹಾಕಿದ ಆವೃತ್ತಿಗಳು ಬೇಡ, ಕಪ್ಪು–ಬಿಳುಪಿನವೇ ಇರಲಿ. ಮೊಬೈಲು ಬೇಡ, ಟಿವಿಗೆ ಹಾಕಿ. ಶನಿವಾರ ರಾತ್ರಿ ಊಟ ಮುಗಿದ ಮೇಲೆ ಪಕ್ಕದ ಮನೆಯ ಮಕ್ಕಳನ್ನು ಕರೆಯಿರಿ, ಮನೆಯಲ್ಲಿ ಅಜ್ಜ–ಅಜ್ಜಿ ಇದ್ದರೆ ಅವರನ್ನೂ ಕೂರಿಸಿ, ಒಟ್ಟು ಎಂಟು–ಹತ್ತು ತಲೆಯಾದರೂ ಇರಲಿ. ಮತ್ತೆ, ರಿಮೋಟು ನಿಮ್ಮ ಕೈಯಲ್ಲೇ ಇರಲಿ. ನಡುವೆ ಯಾರಾದರೂ "ಸ್ವಲ್ಪ ಓಡಿಸಿ" ಅಂದರೆ ಕೊಡಬೇಡಿ.